ಹಳೆಯ ಟಾರ್ಚಿಗೆ ಹೊಸ ಬುರುಡೆ

ಮಾಗಡಿಯ ಬಳಿ, ಸಾವನದುರ್ಗದ ತಪ್ಪಲಿನ ತೋಟಗಳಿಗೆ ರಾತ್ರಿ ನೀರು ಕಟ್ಟಲು ಹೋಗುವವರಿಗೆ ದಾರಿಯ ಹಾವನ್ನು ತೋರಿಸುವುದು ಕೈಯ ಟಾರ್ಚು. ಅದರ ತಂತುಬುರುಡೆಗೆ ಬದಲಾಗಿ ಎಲ್‌ಇಡಿ ಬುರುಡೆಯನ್ನು ಹಾಕಿದರೆ ಏನಾಗುವುದೆಂದು ನೋಡೋಣ.

ತಂತುವಿನಲ್ಲಿ ವಿದ್ಯುಚ್ಛಕ್ತಿಯ ಬಹುಪಾಲು ಶಾಖವಾಗಿ ಹೋಗುತ್ತದೆ. ಅಷ್ಟೇ ಶಕ್ತಿಯಿಂದ ಎಲ್‌ಇಡಿ ಹಲವು ಪಟ್ಟು ಬೆಳಕನ್ನು ಕೊಡುತ್ತದೆ. ಆದರೆ ಬಿಳಿಯ ಎಲ್‌ಇಡಿ ಚೆನ್ನಾಗಿ ಬೆಳಗಲು ಸುಮಾರು 3 ವೋಲ್ಟು ಬೇಕು. ಎರಡು ಹೊಸ ಸೆಲ್ಲುಗಳು ಕೊಡುವುದೂ ಅಷ್ಟೆ. ಅವು ಸವೆದು 2.4 ವೋಲ್ಟಿಗೆ ಇಳಿದಾಗ ತಂತು ಮಂಕಾದರೂ ಉರಿಯುತ್ತಲೇ ಇರುತ್ತದೆ. ಬರಿಯ ಎಲ್‌ಇಡಿ ನಂದಿದಂತೆಯೇ ಆಗುತ್ತದೆ. ಆದುದರಿಂದ ವಿಭವಾಂತರವನ್ನು ಏರಿಸುವ ವಿದ್ಯುನ್ಮಂಡಲವು ಒಳಗೇ ಇರುವ ಬುರುಡೆಯನ್ನು ನಾವು ಆರಿಸಬೇಕು. ಮೂರು ಸೆಲ್ಲುಗಳ ಟಾರ್ಚಿನಲ್ಲಿ 4.5 ವೋಲ್ಟು ಇರುವುದರಿಂದ ಅದಕ್ಕೆ ತಕ್ಕ ಬುರುಡೆಯೇ ಬೇರೆ.

ಕೊಳ್ಳುವಾಗ ಹೊಸ ಸೆಲ್ಲುಗಳಿಂದಲ್ಲ, ಅರ್ಧ ಸವೆದ ಸೆಲ್ಲುಗಳಿಂದ ಪರೀಕ್ಷಿಸೋಣ. ಕತ್ತಲೆಯ ದಾರಿಯಲ್ಲಿ ನಮ್ಮ ಟಾರ್ಚಿನೊಳಗೆ ಬಹುಮಟ್ಟಿಗೆ ಇರುವುದು ಅಂಥವೇ.