ಮನೆಯ ಗಣಕಯಂತ್ರಕ್ಕೆ ತಕ್ಕ ಕಾವಲು

ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹೆಸರನ್ನು ನಮ್ಮ ಸೀಮೆಯವರೆಲ್ಲರೂ ಬಲ್ಲರು. 1957ನೆಯ ಇಸವಿಯಲ್ಲಿ ಅಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಣ ಹಳ್ಳಿಗಳ ಜನರು ಜ್ವರದಿಂದ ನರಳಿದರು. ಇದಕ್ಕೆ ಕಾರಣವು ಒಂದು ವೈರಸ್ ಎಂತಲೂ, ಉಣುಗುಗಳ ಕಡಿತದಿಂದ ಅದು ಹರಡುವದೆಂತಲೂ ವಿದ್ವಾಂಸರು ಕಂಡುಹಿಡಿದರು. ಈ ಮಂಗನ ಕಾಯಿಲೆಗೆ ಲಸಿಕೆಯೊಂದನ್ನು ಬಹು ವರ್ಷಗಳ ವರೆಗೆ ಹಾಕಿದರು. ಆದರೆ ಅದರಿಂದ ಸಾಕಷ್ಟು ರಕ್ಷಣೆ ದೊರೆಯುವದಿಲ್ಲವೆಂದು ಕಂಡುಬಂದದ್ದರಿಂದ 2022ರಲ್ಲಿ ಅದರ ಬಳಕೆಯು ನಿಂತಿತು. ಲಸಿಕೆಯಿದ್ದಾಗಲೂ ಇಲ್ಲದಾಗಲೂ, ತರಗೆಲೆಗೆಂದು ಕಟ್ಟಿಗೆಗೆಂದು ಕಾಡಿಗೆ ಹೋಗುವವರಿಗೆ ಕೊಟ್ಟ ಬುದ್ಧಿವಾದವು ಒಂದೇ: ಮೈತುಂಬ ಬಟ್ಟೆ ಧರಿಸಿರಿ, ಉಣುಗು ಅಂಟದಂತೆ ತೈಲ ಹಚ್ಚಿಕೊಳ್ಳಿರಿ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿರಿ.

ಅದೇ ವೈರಸ್ ಎಂಬ ಹೆಸರನ್ನು ಹೊತ್ತ ಇನ್ನೊಂದು ಉಪದ್ರವದ ವಿಷಯವಾಗಿ ಇಲ್ಲಿ ಕೆಲವು ಮಾತುಗಳನ್ನು ಬರೆಯುತ್ತೇವೆ. ಇಂದು ಶಿಕಾರಿಪುರ ಸೊರಬಗಳ ಅನೇಕ ಮನೆಗಳಲ್ಲಿ ಗಣಕಯಂತ್ರವಿದೆ. ಅಡಿಕೆಯ ಲೆಕ್ಕ, ಪಹಣಿಯ ಪ್ರತಿ, ಮಕ್ಕಳ ಅಂಕಪಟ್ಟಿ, ಮದುವೆಯ ಭಾವಚಿತ್ರ, ಬ್ಯಾಂಕಿನ ವ್ಯವಹಾರ ಎಲ್ಲವೂ ಅದರೊಳಗಿರುತ್ತವೆ. ಆದಕಾರಣ, "ಯಾವ ಆಂಟಿವೈರಸ್ ಹಾಕಿಸಬೇಕು?" ಎಂದು ಪೂರ್ವ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಕೇಳುವದು ಸಹಜವೇ.

1. ಗಣಕದ ವೈರಸ್ ಎಂದರೇನು?

ಇದಕ್ಕೆ ಜೀವವಿಲ್ಲ. ಮನುಷ್ಯನೇ ಬರೆದ ಆಜ್ಞೆಗಳ ಸರಣಿಯಿದು. ತನ್ನನ್ನು ತಾನೇ ನಕಲು ಮಾಡಿಕೊಂಡು ಯಂತ್ರದಿಂದ ಯಂತ್ರಕ್ಕೆ ದಾಟುವದು. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ 'ಬ್ರೇನ್' ಎಂಬದು ಫ್ಲಾಪಿ ತಟ್ಟೆಗಳ ಮೂಲಕ ದೇಶದೇಶಗಳಿಗೆ ಹರಡಿತು. ಅದರಿಂದಾದ ಹಾನಿಯು ಸ್ವಲ್ಪವೇ. ಆದರೆ ಕಾಲಕ್ರಮದಲ್ಲಿ ಈ ವಿದ್ಯೆಯು ಕಳ್ಳರ ಕಸುಬಾಯಿತು. 2017ರ ಮೇ 12ರಂದು ಹೊರಬಿದ್ದ 'ವಾನಾಕ್ರೈ' ಎಂಬದು ಯಂತ್ರದಲ್ಲಿದ್ದ ಕಡತಗಳಿಗೆ ಬೀಗ ಹಾಕಿ, ಬಿಡಿಸಬೇಕಾದರೆ ಹಣ ಕೊಡೆಂದು ಬೆದರಿಸಿತು. ಸುಮಾರು 150 ದೇಶಗಳಿಗೆ ಹಬ್ಬಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಅದೇ ವರ್ಷದ ಮಾರ್ಚಿಯಲ್ಲಿಯೇ ಹೊರಡಿಸಿತ್ತು. ಬೀಗವು ದೊರೆತಿದ್ದರೂ ಹಾಕಿಕೊಳ್ಳದವರ ಮನೆಗಳಿಗೇ ಬಹುಮಟ್ಟಿಗೆ ಕಳ್ಳನು ಹೊಕ್ಕನು.

2. ಕಾವಲಿನ ತಂತ್ರಾಂಶವು ಮಾಡುವ ಕೆಲಸ

ಕಾವಲುಗಾರನು ಎರಡು ವಿಧದಲ್ಲಿ ಕಳ್ಳನನ್ನು ಹಿಡಿಯುವನು. ಮೊದಲನೆಯದು ಗುರುತಿನಿಂದ: ಈವರೆಗೆ ಸಿಕ್ಕಿಬಿದ್ದ ವೈರಸ್ಸುಗಳ ಚಹರೆಪಟ್ಟಿಯನ್ನು ಇಟ್ಟುಕೊಂಡು, ಒಳಬರುವ ಪ್ರತಿಯೊಂದು ಕಡತವನ್ನೂ ಅದರೊಡನೆ ಹೋಲಿಸುವದು. ಎರಡನೆಯದು ನಡತೆಯಿಂದ: ಪಟ್ಟಿಯಲ್ಲಿಲ್ಲದ ಹೊಸಬನಾದರೂ ಕಡತಗಳನ್ನು ಒಂದೇಸವನೆ ಬದಲಾಯಿಸತೊಡಗಿದರೆ ತಡೆಯುವದು. ಹೊಸ ಕಳ್ಳರು ದಿನವೂ ಹುಟ್ಟುವದರಿಂದ, ಹಳೆಯ ಪಟ್ಟಿಯನ್ನು ಹಿಡಿದ ಕಾವಲುಗಾರನು ಅರೆಗುರುಡನಂತಿರುವನು.

3. ಆರಿಸುವ ಬಗೆ

ಮೊದಲನೆಯದಾಗಿ, ಮನೆಯಲ್ಲಿ ಈಗಾಗಲೇ ಇರುವದನ್ನು ನೋಡತಕ್ಕದ್ದು. ವಿಂಡೋಸ್ 10 ಮತ್ತು 11ರಲ್ಲಿ 'ಡಿಫೆಂಡರ್' ಎಂಬ ಕಾವಲು ಬೇರೆ ವೆಚ್ಚವಿಲ್ಲದೆ ಅಡಕವಾಗಿದೆ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯದ ಎವಿ-ಕಂಪ್ಯಾರಟಿವ್ಸ್ ಎಂಬ ಪರೀಕ್ಷಾ ಸಂಸ್ಥೆಗಳು ಇಂಥ ತಂತ್ರಾಂಶಗಳನ್ನು ಒರೆಗೆ ಹಚ್ಚಿ ಫಲಿತಾಂಶವನ್ನು ಪ್ರಕಟಿಸುತ್ತವೆ. ಅವುಗಳಲ್ಲಿ ಡಿಫೆಂಡರು ಒಳ್ಳೆಯ ಅಂಕಗಳನ್ನು ಪಡೆದಿದೆ. ಸಾಮಾನ್ಯ ಗೃಹಕೃತ್ಯಕ್ಕೆ ಇದೇ ಸಾಕಾಗುವದು.

ಎರಡನೆಯದಾಗಿ, ಸದಾ ಕಾಯುವ ಕಾವಲು ಒಂದೇ ಇರತಕ್ಕದ್ದು. ಎರಡನ್ನು ಹಾಕಿದರೆ ಒಂದನ್ನೊಂದು ಸಂಶಯಿಸಿ ಯಂತ್ರವನ್ನೇ ನಿಧಾನ ಮಾಡುವವು.

ಮೂರನೆಯದಾಗಿ, ಹಣ ಕೊಟ್ಟು ಕೊಳ್ಳುವವರು ಅಧಿಕವಾಗಿ ಏನು ದೊರೆಯುವದೆಂದು ಕೇಳತಕ್ಕದ್ದು. ಪುಣೆಯ ಕ್ವಿಕ್ ಹೀಲ್, ಚೆನ್ನೈಯ ಕೆ7 ಮುಂತಾದ ನಮ್ಮ ದೇಶದ ಸಂಸ್ಥೆಗಳದೂ ಪರದೇಶದವುಗಳದೂ ಅಂಗಡಿಗಳಲ್ಲಿ ಸಿಗುತ್ತವೆ. ಮಕ್ಕಳ ಮೇಲ್ವಿಚಾರಣೆಯ ಸಾಧನ, ಗುಪ್ತಪದಗಳ ಪೆಟ್ಟಿಗೆ, ಹಲವು ಯಂತ್ರಗಳಿಗೆ ಒಂದೇ ಪರವಾನಗಿ ಇವು ನಿಮಗೆ ಬೇಕಾಗಿದ್ದರೆ ಕೊಳ್ಳಬಹುದು. ಮೊದಲ ವರ್ಷದ ಬೆಲೆಯನ್ನು ಮಾತ್ರವಲ್ಲ, ಎರಡನೆಯ ವರ್ಷದ ಬೆಲೆಯನ್ನೂ ವಿಚಾರಿಸಿರಿ.

ನಾಲ್ಕನೆಯದಾಗಿ, ಪುಕ್ಕಟೆ ಕೊಡುವವನು ಯಾತರಿಂದ ಜೀವಿಸುವನೆಂದು ಯೋಚಿಸಿರಿ. ಅವಾಸ್ಟ್ ಎಂಬ ಪ್ರಸಿದ್ಧ ಸಂಸ್ಥೆಯು ಬಳಕೆದಾರರು ಯಾವ ಯಾವ ಜಾಲತಾಣಗಳನ್ನು ನೋಡಿದರೆಂಬ ವಿವರವನ್ನು ಅನ್ಯರಿಗೆ ಮಾರಿತೆಂಬ ಆಪಾದನೆಯ ಮೇಲೆ 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗವು ಅದಕ್ಕೆ 1 ಕೋಟಿ 65 ಲಕ್ಷ ಡಾಲರುಗಳನ್ನು ಕೊಡಬೇಕೆಂದು ವಿಧಿಸಿತು. ನಮ್ಮ ಕೇಂದ್ರ ಸರಕಾರವು 2017ರಲ್ಲಿ ತೆರೆದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿಯೂ ಶುಚಿಮಾಡುವ ಸಾಧನಗಳು ಉಚಿತವಾಗಿ ದೊರೆಯುತ್ತವೆ.

ಐದನೆಯದಾಗಿ, ತಂತ್ರಾಂಶವನ್ನು ತಯಾರಿಸಿದವರ ತಾಣದಿಂದಲೇ ತರತಕ್ಕದ್ದು. ಬೀಗ ಮುರಿದ ಕಳ್ಳಪ್ರತಿಯನ್ನು ಸ್ನೇಹಿತರು ಪೆನ್‌ಡ್ರೈವಿನಲ್ಲಿ ತಂದುಕೊಟ್ಟರೆ, ಕಳ್ಳನ ಕೈಗೇ ಕಾವಲನ್ನು ಒಪ್ಪಿಸಿದಂತಾಗುವದು.

ಕಡೆಯದಾಗಿ, ಯಂತ್ರದ ವಯಸ್ಸನ್ನು ನೋಡಿರಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಪ್ರತ್ಯೇಕವಾಗಿ ನೋಂದಾಯಿಸಿಕೊಂಡವರಿಗೆ ಮಾತ್ರ ಹೆಚ್ಚಿನ ಅವಧಿಯು ದೊರೆಯಿತು. ಗೋಡೆಯೇ ಬಿರುಕುಬಿಟ್ಟ ಮನೆಗೆ ಒಳ್ಳೆಯ ಕಾವಲುಗಾರನನ್ನಿಟ್ಟರೆ ಪ್ರಯೋಜನವು ಅಲ್ಪ.

4. ತಂತ್ರಾಂಶಕ್ಕೆ ಸಾಧ್ಯವಲ್ಲದ್ದು

ನಾವು ಬಲ್ಲ ಒಂದು ಮನೆಯ ಸಂಗತಿಯನ್ನು ಹೇಳುವೆವು. ಆ ಮನೆಯವರು ಬೆಲೆ ಕೊಟ್ಟು ಆಂಟಿವೈರಸ್ ಹಾಕಿಸಿದ್ದರು. ಒಂದು ಮಧ್ಯಾಹ್ನ ತಾಯಿಯು ಒಬ್ಬಳೇ ಇದ್ದಾಗ ಪರದೆಯೆಲ್ಲ ಕೆಂಪಾಗಿ, "ನಿಮ್ಮ ಯಂತ್ರಕ್ಕೆ ವೈರಸ್ ತಗಲಿದೆ, ಈ ಸಂಖ್ಯೆಗೆ ಕರೆಮಾಡಿರಿ" ಎಂಬ ಬರಹವು ಕಂಡಿತು. ಆಕೆಯು ಹೆದರಿ ಕರೆಮಾಡಿದಳು. ಆಚೆಯವನು ಬಹು ವಿನಯದಿಂದ, "ಅಮ್ಮಾ, ನಾನೇ ಸರಿಮಾಡಿಕೊಡುವೆನು" ಎಂದು, ದೂರದಿಂದ ಯಂತ್ರವನ್ನು ನಡೆಸುವ ತಂತ್ರಾಂಶವನ್ನು ಹಾಕಿಸಿ, ಮೊಬೈಲಿಗೆ ಬಂದ ಓಟಿಪಿಯನ್ನು ಕೇಳಿದನು. ಆಕೆಯು ಹೇಳಿದಳು. ಮಗಳ ಕಾಲೇಜಿನ ಶುಲ್ಕಕ್ಕೆಂದು ಕೂಡಿಸಿದ್ದ ಹಣವು ಹೋಯಿತು. ಆಂಟಿವೈರಸ್ಸು ಸುಮ್ಮನಿತ್ತು, ಯಾಕಂದರೆ ಹಾಕಿಸಿದ ತಂತ್ರಾಂಶವು ವೈರಸ್ ಆಗಿರಲಿಲ್ಲ, ಬಾಗಿಲನ್ನು ತೆರೆದವರು ಮನೆಯವರೇ ಆಗಿದ್ದರು.

ಇದಕ್ಕಿಂತ ದುಃಖಕರವಾದದ್ದು ಮುಂದಿನದು. ಮಗಳು ಬೈಯುವಳೆಂದು ಆ ತಾಯಿಯು ನಾಚಿ ಮೂರು ದಿನ ಯಾರಿಗೂ ಹೇಳಲಿಲ್ಲ. ಕೂಡಲೆ 1930 ಎಂಬ ಸಂಖ್ಯೆಗೆ ಕರೆಮಾಡಿದ್ದರೆ, ಹಣವು ಕಳ್ಳನ ಕೈಸೇರುವ ಮೊದಲೇ ಬ್ಯಾಂಕಿನಲ್ಲಿ ತಡೆಯಲ್ಪಡುವ ಸಂಭವವಿತ್ತು. ಮೋಸಹೋದವರು ಅಪರಾಧಿಗಳಲ್ಲ. ಮನೆಯಲ್ಲಿ ಹೆದರದೆ ಹೇಳಿಕೊಳ್ಳುವಂಥ ಪ್ರೀತಿಯಿದ್ದರೆ ಅದೇ ಒಂದು ದೊಡ್ಡ ಕಾವಲು.

5. ಮನೆಯಲ್ಲಿ ನಡಿಸತಕ್ಕ ನಿಯಮಗಳು

ತಿದ್ದುಪಡಿಗಳನ್ನು ಮುಂದೂಡದೆ ಹಾಕಿಕೊಳ್ಳಿರಿ. ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದು, ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿ ಕಪಾಟಿನಲ್ಲಿಡಿರಿ. ಬೀಗ ಹಾಕುವ ವೈರಸ್ಸು ಅದನ್ನು ಮುಟ್ಟಲಾರದು. ಮಕ್ಕಳಿಗೆ ಹೊಸ ತಂತ್ರಾಂಶ ಹಾಕುವ ಅಧಿಕಾರವಿಲ್ಲದ ಬೇರೆ ಖಾತೆಯನ್ನು ಮಾಡಿಕೊಡಿರಿ. ಹೊರಗಿನಿಂದ ಬಂದ ಪೆನ್‌ಡ್ರೈವನ್ನು ಪರೀಕ್ಷಿಸಿಯೇ ತೆರೆಯಿರಿ. ಓಟಿಪಿಯನ್ನು ಕೇಳಿದವನು ಯಾರೇ ಆಗಲಿ ಹೇಳಬೇಡಿರಿ. ಪರದೆಯಲ್ಲಿ ಹೆದರಿಸುವ ಬರಹ ಬಂದರೆ ಆ ಸಂಖ್ಯೆಗೆ ಕರೆಮಾಡದೆ ಯಂತ್ರವನ್ನು ಆರಿಸಿರಿ.

ಪೂರ್ವ ವಿದ್ಯಾರ್ಥಿನಿಯರೇ, ಮುಂದಿನ ಸಾರಿ ತವರಿಗೆ ಹೋದಾಗ ತಂದೆತಾಯಿಗಳ ಯಂತ್ರದ ಮುಂದೆ ಒಂದು ತಾಸು ಕುಳಿತು ಇವುಗಳನ್ನು ನೋಡಿಕೊಡಿರಿ. 1930 ಎಂಬ ಸಂಖ್ಯೆಯನ್ನು ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿರಿ. ನಿಮಗೆ ಅಕ್ಷರ ಕಲಿಸಿದವರಿಗೆ ನೀವು ಇಷ್ಟನ್ನು ಕಲಿಸುವದು ನ್ಯಾಯವಾಗಿದೆ. ಕಲಿಸುವಾಗ, ಅವರು ನಿಮ್ಮ ಕೈಹಿಡಿದು ಬರಿಸಿದ ತಾಳ್ಮೆಯನ್ನು ನೆನಸಿರಿ.