ಮುಂದಿನ ಬೆಂಚು ಯಾರಿಗೆ?

ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ, ಸಭೆಯ ಚಂದಾ ಬಾಕಿ ಇಟ್ಟಿಲ್ಲ. ಒಳ್ಳೆಯದೇ. ಆದರೆ ಶಿಷ್ಯತ್ವ ಅಲ್ಲಿಗೇ ಮುಗಿಯಿತೆಂದುಕೊಳ್ಳಬೇಡಿ. ಯೇಸು ಕರೆದಾಗ ಸೀಮೋನ, ಅಂದ್ರೆಯ ಬಲೆ ಬಿಟ್ಟು ಹಿಂದೆ ನಡೆದರು.

ಯಾಕೋಬನ ಪತ್ರಿಕೆಯ 2ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಆಸನ, ಕೊಳಕು ಬಟ್ಟೆಯ ಬಡವನಿಗೆ ನಿಲ್ಲುವ ಜಾಗ. ನಮ್ಮ ಚರ್ಚುಗಳಲ್ಲೂ ಮುಂದಿನ ಬೆಂಚು ಯಾರಿಗಾಗಿ ಖಾಲಿ ಇರುತ್ತದೆ, ನೋಡಿದ್ದೀರಲ್ಲ! ಹಸಿದವನಿಗೆ ಊಟ ಕೊಡದೆ ಬರೀ ಶುಭ ಹಾರೈಸಿ ಕಳಿಸಿದರೆ ಏನು ಬಂತು ಎಂದೂ ಯಾಕೋಬ ಅಲ್ಲೇ ಕೇಳುತ್ತಾನೆ.

ಹಾಗೆಂದು ಮಾಡಿದ ಉಪಕಾರಗಳ ಲೆಕ್ಕವಿಟ್ಟುಕೊಂಡು ದೇವರ ಜತೆ ವ್ಯಾಪಾರಕ್ಕಿಳಿಯಬೇಡಿ. ಕೃಪೆ ಪುಕ್ಕಟೆಯೇ. ಅದನ್ನು ಅಗ್ಗ ಮಾಡಿಕೊಳ್ಳಬಾರದೆಂದು ಜರ್ಮನಿಯ ಪಾದ್ರಿ ಡೀಟ್ರಿಕ್ ಬೊನ್‌ಹಾಫರ್ 1937ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಎಚ್ಚರಿಸಿದ್ದರು. ನಾತ್ಸಿಗಳನ್ನು ವಿರೋಧಿಸಿದ ಅವರನ್ನು 1945ರಲ್ಲಿ ಗಲ್ಲಿಗೇರಿಸಿದರು.

ನಮಗೆ ಅಂಥ ಪರೀಕ್ಷೆ ಬರಲಿಕ್ಕಿಲ್ಲ. ಆದರೆ ಸಮಿತಿ ಚುನಾವಣೆಯ ಜಗಳದಿಂದ ಮಾತು ಬಿಟ್ಟವರು ನಿಮ್ಮ ಸಭೆಯಲ್ಲೂ ಇರಬಹುದು. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಸಹೋದರನೊಂದಿಗೆ ರಾಜಿಯಾಗಿ ಬಾ ಎನ್ನುತ್ತದೆ ಬೆಟ್ಟದ ಪ್ರಸಂಗ. ಈ ವಾರ ಅಂಥವರ ಮನೆಗೆ ಹೋಗಿ. ಚಹಾ ಕೊಟ್ಟರೆ ಕುಡಿಯಿರಿ, ಹಳೆಯ ವಾದ ಮಾತ್ರ ತೆಗೆಯಬೇಡಿ.