ಸರಾಸರಿ 63 ನಿನಗೆ ಬೇಡ

ಮಧುವನಹಳ್ಳಿ

ಪುಟ್ಟಿಗೆ,

ಬೆಂಗಳೂರಿನಲ್ಲಿ ಕೂತು ಮೊಬೈಲಿನಲ್ಲೇ ಕನ್ನಡಕ ತರಿಸುತ್ತೀಯಂತೆ. ತರಿಸು, ಬೇಡ ಅನ್ನುವುದಿಲ್ಲ. ಆದರೆ ಡಾಕ್ಟರ ಚೀಟಿಯಲ್ಲಿ ಪವರ್ ಇದೆ, ಪಿ.ಡಿ. ಇಲ್ಲ, ಸರಾಸರಿ 63 ಅಂತ ಹಾಕಿಬಿಡಲೇ ಎಂದು ಕೇಳಿದ್ದೀಯಲ್ಲ, ಹಾಕಬೇಡ ಮಗಳೇ. ಪಿ.ಡಿ. ಅಂದರೆ ಎರಡು ಕಣ್ಣುಪಾಪೆಗಳ ನಡುವಿನ ದೂರ; ದೊಡ್ಡವರಲ್ಲಿ ಅದು ಸಾಮಾನ್ಯವಾಗಿ 54ರಿಂದ 74 ಮಿಲಿಮೀಟರ್ ತನಕ ಇರುತ್ತದೆ. ಸರಾಸರಿ ಲೆಕ್ಕ ಜನಗಣತಿಗೆ ಸರಿ, ಮೂಗಿನ ಮೇಲೆ ಕೂರುವ ವಸ್ತುವಿಗಲ್ಲ.

ಮಸೂರದ ನಡುಬಿಂದು ಪಾಪೆಗೆ ನೇರ ಬರಬೇಕು. ಸರಿದರೆ ಗಾಜು ಪ್ರಿಸಂನಂತೆ ಬೆಳಕನ್ನು ಪಕ್ಕಕ್ಕೆ ಬಾಗಿಸುತ್ತದೆ. ಎಷ್ಟು ಎನ್ನುವುದಕ್ಕೆ ಪ್ರೆಂಟಿಸ್ ಸೂತ್ರವಿದೆ: ಸರಿದ ಸೆಂಟಿಮೀಟರನ್ನು ಪವರಿನಿಂದ ಗುಣಿಸು. ನಿನ್ನದು ಮೈನಸ್ 6. ಎರಡೂ ಗಾಜು ಸೇರಿ 5 ಮಿಲಿಮೀಟರ್ ತಪ್ಪಿದರೆ 3 ಪ್ರಿಸಂ ಡಯಾಪ್ಟರ್. ನಿನ್ನ ತಮ್ಮನ ಮೈನಸ್ 1ಕ್ಕೆ ಅದೇ ತಪ್ಪು ಬರೀ ಅರ್ಧ ಪ್ರಿಸಂ ಡಯಾಪ್ಟರ್. ಅವನಿಗೆ ಗೊತ್ತೂ ಆಗಲಿಕ್ಕಿಲ್ಲ. ನಿನಗೆ ಸಂಜೆಯಷ್ಟರಲ್ಲಿ ತಲೆನೋವು ಬಂದೀತು.

ಕನ್ನಡಿ ಮುಂದೆ ಒಬ್ಬಳೇ ಅಳೆದುಕೊಳ್ಳುತ್ತೇನೆ ಎಂದಿದ್ದೀಯ. ಅದು ಸಣ್ಣ ಪವರಿನವರ ಕೆಲಸ. ಕನ್ನಡಿಯಿಂದ ಒಂದು ಗೇಣು ದೂರ ನಿಂತರೆ ಬಿಂಬ ನಿನ್ನಿಂದ ಎರಡು ಗೇಣು ಆಚೆಗಿರುತ್ತದೆ. ಮೈನಸ್ 6ರ ಬರಿಗಣ್ಣಿಗೆ ಸುಮಾರು 17 ಸೆಂಟಿಮೀಟರ್ ದಾಟಿದ್ದೆಲ್ಲ ಮಸುಕು. ಸ್ಕೇಲಿನ ಗೆರೆ ಹೇಗೆ ಓದುತ್ತೀಯ?

ತಮ್ಮನನ್ನು ಕರೆ. ಟೈಲರ್ ಟೇಪು ಬೇಡ, ಜಾಮಿಟ್ರಿ ಬಾಕ್ಸಿನ ಸ್ಕೇಲು ಸಾಕು. ಬೆಳಕಿರುವ ಕಡೆ ಒಂದು ಮೊಳ ದೂರದಲ್ಲಿ, ಕಣ್ಣಿಗೆ ಕಣ್ಣು ಸಮವಾಗಿ ಕೂತುಕೊಳ್ಳಿ. ಸ್ಕೇಲನ್ನು ನಿನ್ನ ಹುಬ್ಬಿನ ಕೆಳಗೆ ಅಡ್ಡ ಹಿಡಿಯಲಿ. ಅವನು ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ನೋಡುತ್ತ ನಿನ್ನ ಬಲಪಾಪೆಯ ನಡುವಿಗೆ ಸೊನ್ನೆ ಹೊಂದಿಸಲಿ. ನೀನು ಅವನ ಆ ತೆರೆದ ಕಣ್ಣನ್ನೇ ನೋಡು. ಆಮೇಲೆ ಸ್ಕೇಲು ಅಲುಗದಂತೆ ಅವನು ಎಡಗಣ್ಣು ಮುಚ್ಚಿ ಬಲಗಣ್ಣು ತೆರೆಯಲಿ. ಈಗ ನೀನು ಆ ಕಣ್ಣನ್ನು ನೋಡು, ಅವನು ನಿನ್ನ ಎಡಪಾಪೆಯ ನಡುವಿನ ಗೆರೆ ಓದಲಿ. ಅವನ ಮೂಗು ನೋಡಿದೆಯೋ, ನಿನ್ನ ಪಾಪೆಗಳು ಒಳಕ್ಕೆ ಸರಿದು ಅಳತೆ ಕಿರಿದಾಗುತ್ತದೆ. ಮೂರ್ನಾಲ್ಕು ಸಲ ಅಳೆಯಿರಿ. ನಗು ಬಂದರೆ ನಕ್ಕು ಮುಗಿಸಿ ಅಳೆಯಿರಿ.

ಇದು ದೂರದ ನೋಟದ ಅಳತೆ. ಕೊಳ್ಳೇಗಾಲದಲ್ಲಿ ಮಗ್ಗದ ಮುಂದೆ ಕೂತು ರೇಷ್ಮೆ ಎಳೆ ನೋಡುವವರ ಹತ್ತಿರದ ಕನ್ನಡಕಕ್ಕಾದರೆ ಸುಮಾರು 3 ಮಿಲಿಮೀಟರ್ ಕಮ್ಮಿ ಮಾಡಬೇಕು.

ನಿಮ್ಮಮ್ಮನ ಪ್ರೋಗ್ರೆಸಿವ್ ಕನ್ನಡಕದ ಮಾತು ಬೇರೆ. ಅದಕ್ಕೆ ಮೂಗಿನ ನಡುವಿನಿಂದ ಒಂದೊಂದು ಪಾಪೆಯ ದೂರವೂ, ಫ್ರೇಮಿನೊಳಗೆ ಪಾಪೆ ಎಷ್ಟು ಎತ್ತರದಲ್ಲಿದೆ ಎನ್ನುವುದೂ ಬೇಕು. ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ಬರುವಾಗ ಕೊಳ್ಳೇಗಾಲದಲ್ಲಿ ಇಳಿಯಿರಿ, ಅಂಗಡಿಗೆ ನಾನೇ ಕರೆದೊಯ್ಯುತ್ತೇನೆ. ಅಲ್ಲಿಯವರೆಗೆ ಅವಳದ್ದನ್ನು ಮೊಬೈಲಿನಲ್ಲಿ ಒತ್ತಿಬಿಡಬೇಡ.

ಇಂತಿ,
ನಿನ್ನ ದೊಡ್ಡಪ್ಪ